ಚಳಿಗೆ ಸುಟ್ಟ ಪಾಮ್ ಗರಿ: ಕತ್ತರಿ ಹಿಡಿಯುವ ಮೊದಲು ಗುರುತು ನೋಡಿ

ಕಡುಚಳಿಯ ರಾತ್ರಿ ಕಳೆದ ಮೇಲೆ ತೋಟದ ಪಾಮ್ ಗರಿಗಳಲ್ಲಿ ವಿಚಿತ್ರ ಗುರುತುಗಳು ಏಳುತ್ತವೆ. ರೋಗ ಬಂತೆಂದು ಹೆದರಿ ಗರಿಗಳನ್ನೆಲ್ಲ ಸವರಿಬಿಡುವವರೇ ಹೆಚ್ಚು. ಆ ಅವಸರ ಬೇಡ. ಹಾನಿ ಪೂರ್ತಿ ಬಯಲಾಗಲು ಒಂದೆರಡು ವಾರ ಹಿಡಿಯುತ್ತದೆ, ಅಷ್ಟರಲ್ಲಿ ಗುರುತುಗಳನ್ನು ಗಮನಿಸಿ.

ಹೊಸ ಗರಿಯ ಎಲೆಗಳಿಗೆಲ್ಲ ಒಂದೇ ಸಾಲಿನಲ್ಲಿ ಅಡ್ಡಪಟ್ಟಿ ಎಳೆದಂತಿದೆಯೇ? ಚಳಿ ತಾಗಿದಾಗ ಆ ಗರಿ ಇನ್ನೂ ಬಿಚ್ಚದ ಸುಳಿಯಾಗಿತ್ತು ಎಂದರ್ಥ. ಸುಳಿಯೊಳಗೆ ಎಲೆಗಳು ಮಡಿಕೆ ಮಡಿಕೆಯಾಗಿ ಒತ್ತಿಕೊಂಡಿರುತ್ತವೆ. ಮಡಿಸಿಟ್ಟ ಬಟ್ಟೆಗೆ ಒಂದೇ ಕಡೆ ಇಸ್ತ್ರಿ ಪೆಟ್ಟಿಗೆ ತಾಗಿ ಸುಟ್ಟರೂ ಬಿಚ್ಚಿದಾಗ ಪ್ರತಿ ಮಡಿಕೆಯಲ್ಲೂ ಕಲೆ ಕಾಣುವುದಿಲ್ಲವೇ, ಇಲ್ಲಿ ಆಗುವುದೂ ಅದೇ. ಪಟ್ಟಿಯ ಮೇಲೂ ಕೆಳಗೂ ಎಲೆ ಹಸಿರಾಗಿದ್ದರೆ ಸುಳಿ ಆ ಪೆಟ್ಟು ತಿಂದ ಮೇಲೂ ಬೆಳೆದಿದೆ. ಇದು ಒಳ್ಳೆಯ ಲಕ್ಷಣ.

ಒಣಗಿದ ಗರಿಯ ನಡುವೆ ಹಸಿರು ಗೆರೆಗಳು ಉಳಿದಿದ್ದರೆ ಕಾರಣ ಬೇರೆ. ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ಎಲೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮೇಲಿನ ಗರಿ ಕೊಡೆಯಂತೆ ಮರೆಯಾದ ಕಡೆ ಕೆಳಗಿನದು ಉಳಿಯುತ್ತದೆ, ಮೇಲಿನದರ ಆಕಾರವೇ ಹಸಿರು ನೆರಳಾಗಿ ಮೂಡುತ್ತದೆ. ಬೀಸುವ ಶೀತಗಾಳಿಯ ಹಾನಿಯಲ್ಲಿ ಇಂಥ ನೆರಳು ಇರುವುದಿಲ್ಲ. ಗಾಳಿ ಬಂದ ದಿಕ್ಕಿನ ತುದಿ, ಅಂಚುಗಳು ಹೆಚ್ಚು ಕಂದುತ್ತವೆ.

ಪೋಷಕಾಂಶದ ಕೊರತೆಯನ್ನು ಚಳಿಯ ಹಾನಿಯೆಂದು ತಿಳಿಯಬೇಡಿ. ಪೊಟ್ಯಾಷ್ ಕೊರತೆ ಹಳೆಯ ಗರಿಗಳಿಂದ ಶುರುವಾಗುತ್ತದೆ. ಬೆಳಕಿಗೆ ಹಿಡಿದರೆ ಹಳದಿ-ಕಿತ್ತಳೆ ಚುಕ್ಕೆಗಳು ಕಾಣಬಹುದು. ಮ್ಯಾಂಗನೀಸ್ ಕೊರತೆಯಲ್ಲಿ ಹೊಸ ಗರಿಯೇ ಸುಕ್ಕುಗಟ್ಟಿ ಒಣಗಿ ಬರುತ್ತದೆ. ತಣ್ಣಗಿನ ಮಣ್ಣಿನಲ್ಲಿ ಬೇರು ಮಂದವಾಗುವುದರಿಂದ ಚಳಿಗಾಲದ ಬೆನ್ನಿಗೇ ಇದೂ ಕಾಣಿಸಿಕೊಳ್ಳುವುದುಂಟು.

ಈಗ ಸುಳಿಯನ್ನು ಪರೀಕ್ಷಿಸಿ. ಗರಿ ಎಷ್ಟೇ ಸುಟ್ಟಿರಲಿ, ಗಿಡದ ಜೀವ ಇರುವುದು ಇಲ್ಲಿಯೇ. ಒಂಟಿ ಕಾಂಡದ ಪಾಮ್‌ಗೆ ಸುಳಿಯ ಬುಡದೊಳಗೆ ಬೆಳೆಯುವ ಮೊಳಕೆ ಒಂದೇ, ಅದು ಸತ್ತರೆ ಕಾಂಡವೂ ಸತ್ತಂತೆ. ಗುಂಪಾಗಿ ಬೆಳೆಯುವ ಬಗೆಗಳಲ್ಲಿ ಬುಡದಿಂದ ಹೊಸ ಮರಿ ಬರಬಹುದು. ಸುಳಿಯನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಬಿಗಿಯಾಗಿದ್ದರೆ ಸುಳಿಗೂ ಪಕ್ಕದ ಗರಿಯ ದಂಟಿಗೂ ಸೇರಿಸಿ ಅಳಿಸದ ಪೆನ್ನಿನಿಂದ ಒಂದು ಅಡ್ಡಗೆರೆ ಎಳೆದು ಬಿಡಿ. ವಾರಕ್ಕೊಮ್ಮೆ ನೋಡಿ: ಗೆರೆಯ ಎರಡು ತುಂಡುಗಳು ಬೇರೆಯಾದರೆ ಸುಳಿ ಏರುತ್ತಿದೆ.

ಎಳೆದಾಗ ಸುಳಿ ಕೈಗೆ ಬಂದು, ಬುಡ ಮೆತ್ತಗಾಗಿ ನಾರುತ್ತಿದ್ದರೆ ಕೊಳೆ ಹಿಡಿದಿದೆ. ಚಳಿಗೆ ಸತ್ತ ಭಾಗಕ್ಕೆ ಬ್ಯಾಕ್ಟೀರಿಯಾ, ಶಿಲೀಂಧ್ರ ನುಗ್ಗುವುದರಿಂದ ಹೀಗಾಗುತ್ತದೆ. ಕೊಳೆತದ್ದನ್ನು ಕೈಗೆ ಸಿಕ್ಕಷ್ಟೂ ತೆಗೆಯಿರಿ, ಗಟ್ಟಿ ಭಾಗವನ್ನು ಕೆದಕಬೇಡಿ. ನಿಂತ ನೀರನ್ನು ಬಟ್ಟೆಯಿಂದ ಹೀರಿಸಿ. ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ ಪುಡಿ) ಅನ್ನು ಲೀಟರ್ ನೀರಿಗೆ 3 ಗ್ರಾಂನಂತೆ ಕಲಸಿ ಸುಳಿಯ ಗುಂಡಿ ತೋಯುವಂತೆ ಸುರಿಯಿರಿ. 10 ದಿನ ಬಿಟ್ಟು ಇನ್ನೊಮ್ಮೆ, ಅಷ್ಟೇ. ಪದೇ ಪದೇ ಸುರಿದರೆ ತಾಮ್ರವೇ ಎಳೆಯ ಭಾಗವನ್ನು ಸುಡುತ್ತದೆ. ಕೈಗವಸು ಮರೆಯಬೇಡಿ.

ಚಳಿ ಪೂರ್ತಿ ಹೋಗುವ ತನಕ ಗರಿ ಕತ್ತರಿಸಬೇಡಿ. ಅರ್ಧ ಹಸಿರಿದ್ದರೂ ಅದು ಗಿಡಕ್ಕೆ ಆಹಾರ ಕೊಡುತ್ತದೆ, ಒಣಗಿದ್ದರೂ ಸುಳಿಗೆ ಹೊದಿಕೆಯಾಗುತ್ತದೆ. ನೀರು ಕಡಿಮೆ ಮಾಡಿ, ಮಣ್ಣು ಬೆಚ್ಚಗಾಗುವವರೆಗೆ ಗೊಬ್ಬರ ಹಾಕಬೇಡಿ.

ಮುಂದೆ ಬರುವ ಕೆಲವು ಗರಿಗಳು ತುದಿಯಿಲ್ಲದೆ, ಮೊಟಕಾಗಿ, ಸುರುಟಿಕೊಂಡು ಬರಬಹುದು. ಚಳಿ ತಾಗಿದಾಗ ಅವು ಒಳಗೆ ಎಳೆಯ ಮೊಗ್ಗಾಗಿದ್ದವು. ಒಂದಕ್ಕಿಂತ ಮುಂದಿನದು ಸ್ವಲ್ಪ ನೆಟ್ಟಗಿದ್ದರೆ ಸಾಕು, ಮತ್ತೆ ಮದ್ದು ಬೇಡ. ಸುಳಿ ಕಳೆದುಕೊಂಡ ಗಿಡವನ್ನೂ ಬೇಗ ಅಗೆದು ಹಾಕಬೇಡಿ. ಕಾಂಡ ಗಟ್ಟಿಯಾಗಿದ್ದರೆ ಬೇಸಿಗೆ ಮುಗಿಯುವ ತನಕ ಕಾಯಿರಿ, ಒಳಗಿನ ಮೊಳಕೆ ಬದುಕಿದ್ದರೆ ಎಷ್ಟೋ ತಿಂಗಳ ಮೇಲೆ ಹೊಸ ಸುಳಿ ಹೊರಡುವುದುಂಟು.