ಹಿಂದಿನ ಬ್ರೇಕಿನ ಕಿರುಗುಟ್ಟುವಿಕೆ: ಡ್ರಮ್ ಬಿಚ್ಚಿ ನೋಡಿದ ನನ್ನ ಅನುಭವ

ಜೂನ್ ಹಿಡಿದರೆ ಮಡಿಕೇರಿ ಸುತ್ತಮುತ್ತಲಿನ ಕಾರುಗಳೆಲ್ಲ ಒಂದಲ್ಲ ಒಂದು ಸದ್ದು ಮಾಡತೊಡಗುತ್ತವೆ. ರಾತ್ರಿಯಿಡೀ ಮಳೆಯಲ್ಲಿ ನಿಂತ ಕಾರಿನ ಬ್ರೇಕಿನ ಡಿಸ್ಕ್, ಡ್ರಮ್‌ಗಳಿಗೆ (ಚಕ್ರದೊಂದಿಗೆ ತಿರುಗುವ ಕಬ್ಬಿಣದ ತಟ್ಟೆ, ಬೋಗುಣಿಗಳಿಗೆ) ತೆಳುವಾಗಿ ತುಕ್ಕು ಹಿಡಿದಿರುತ್ತದೆ. ಬೆಳಿಗ್ಗೆ ಹೊರಟು ನಾಲ್ಕಾರು ಸಲ ಬ್ರೇಕ್ ಒತ್ತುವಷ್ಟರಲ್ಲಿ ತುಕ್ಕು ಉಜ್ಜಿಹೋಗಿ ಸದ್ದೂ ಅಡಗುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಮ್ಮ ಮನೆಯ ಕಾರಿನದು ಬೇರೆ ಬಗೆ. ಮಧ್ಯಾಹ್ನದ ಬಿಸಿಲಿನಲ್ಲೂ ಕಿರುಗುಟ್ಟುತ್ತಿತ್ತು, ಅದೂ ಮೆಲ್ಲಗೆ ಬ್ರೇಕ್ ಒತ್ತಿದಾಗ ಮಾತ್ರ. ಗಟ್ಟಿಯಾಗಿ ಒತ್ತಿದರೆ ಸದ್ದಿಲ್ಲ.

ಗ್ಯಾರೇಜಿನಲ್ಲಿ ಕೇಳಿದಾಗ ಚಕ್ರವನ್ನೂ ಬಿಚ್ಚದೆ, ‘ಶೂ ಹೋಗಿದೆ ಸರ್, ಎರಡೂ ಕಡೆ ಹೊಸದು ಹಾಕೋಣ’ ಎಂದರು. ಶೂ ಎಂದರೆ ಡ್ರಮ್ಮಿನೊಳಗೆ ಅಗಲಿ, ಅದರ ಒಳಮೈಗೆ ಒತ್ತಿ ಚಕ್ರವನ್ನು ತಡೆಯುವ ಬಿಲ್ಲಿನಾಕಾರದ ತುಂಡು. ಅದು ಸವೆದಿದ್ದರೆ ಹೊಸದು ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶೂ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗ್, ಪೂರ್ತಿ ಸವೆದರೆ ಬರುವುದು ಕಬ್ಬಿಣಕ್ಕೆ ಕಬ್ಬಿಣ ಕೆರೆಯುವ ಒರಟು ಸದ್ದು, ಗಟ್ಟಿಯಾಗಿ ಒತ್ತಿದಷ್ಟೂ ಜೋರಾಗುವಂಥದ್ದು. ನಮ್ಮ ಕಾರಿನ ಲಕ್ಷಣ ಅದಕ್ಕೆ ಹೊಂದುತ್ತಿರಲಿಲ್ಲ.

ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಹಚ್ಚಬೇಕು. ಚಾಲಕನ ಸೀಟಿನಲ್ಲಿ ಕೂತವನ ಕಿವಿ ಇದಕ್ಕೆ ಸಾಲದು. ಹಿಂದೆ ಕೂರುವ ಅಮ್ಮ ಆರಂಭದಿಂದಲೂ ‘ಎಡಗಡೆ’ ಎನ್ನುತ್ತಿದ್ದರು. ಹಳ್ಳ ದಿಣ್ಣೆಯಲ್ಲಿ ಮಾತ್ರ ಕೇಳಿಸುವ ಕಿರುಗುಟ್ಟುವಿಕೆಯಾದರೆ ಅದು ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳದ್ದಿರಬಹುದು, ಬ್ರೇಕಿನದಲ್ಲ. ಇನ್ನು ಹಿಂದೆ ಡ್ರಮ್ ಇರುವ ಕಾರುಗಳಲ್ಲಿ ಒಂದು ಸುಲಭದ ಪರೀಕ್ಷೆ ಇದೆ. ಕಾರು ನಡೆಯುವ ವೇಗದಲ್ಲಿ ಉರುಳುತ್ತಿರುವಾಗ ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದು, ಲಿವರನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತುವುದು. ಹ್ಯಾಂಡ್‌ಬ್ರೇಕ್ ಹಿಂದಿನ ಶೂಗಳನ್ನಷ್ಟೇ ಅಗಲಿಸುತ್ತದೆ. ಆಗಲೂ ಅದೇ ಸದ್ದು ಬಂದರೆ ಮುಂದಿನ ಬ್ರೇಕನ್ನು ಮರೆತುಬಿಡಬಹುದು. ನಮ್ಮದು ಬಂತು.

ಕೊಡಗಿನಲ್ಲಿ ಜಾಕ್ ಹಾಕಲು ಸಮತಟ್ಟಾದ ಜಾಗ ಹುಡುಕುವುದೇ ಒಂದು ಕೆಲಸ. ಮನೆಯ ಎದುರಿನ ಕಾಫಿ ಕಣ ಮಳೆಗಾಲದಲ್ಲಿ ಖಾಲಿ ಬಿದ್ದಿರುತ್ತದೆ. ಸಿಮೆಂಟಿನ ಗಟ್ಟಿ ನೆಲ ಬೇರೆ. ಮಳೆ ಬಿಟ್ಟ ಒಂದು ಬೆಳಿಗ್ಗೆ ಪಾಚಿ ಕೆರೆದು ಕಾರನ್ನು ಅಲ್ಲಿಗೇ ತಂದೆ. ಡ್ರಮ್ ಬಿಚ್ಚಲು ಹ್ಯಾಂಡ್‌ಬ್ರೇಕ್ ಬಿಟ್ಟಿರಲೇಬೇಕು, ಆದ್ದರಿಂದ ಕಾರನ್ನು ಗೇರಿನಲ್ಲಿ ನಿಲ್ಲಿಸಿ ಮುಂದಿನ ಚಕ್ರಗಳ ಎರಡೂ ಬದಿಗೆ ಕಲ್ಲು ಕೊಟ್ಟೆ. ಎತ್ತಿದ ಮೇಲೆ ಭಾರವನ್ನು ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೀ ಜಾಕ್ ನಂಬಿ ಕೆಲಸ ಮಾಡುವ ಧೈರ್ಯ ನನಗಿಲ್ಲ, ಇರುವವರನ್ನು ಕಂಡರೆ ಭಯ.

ಡ್ರಮ್ ತುಕ್ಕು ಹಿಡಿದು ಚಕ್ರದ ನಡುವಿನ ಹಬ್‌ಗೆ ಕಚ್ಚಿಕೊಂಡಿತ್ತು. ನಮ್ಮ ಕಾರಿನ ಡ್ರಮ್ಮಿನ ಮುಖದಲ್ಲಿ ಇದಕ್ಕೆಂದೇ ತಿರುಪಿನ ಮರೆ ಕೊರೆದ ಎರಡು ರಂಧ್ರಗಳಿವೆ. 8 ಮಿ.ಮೀ. ಬೋಲ್ಟುಗಳನ್ನು ಹಾಕಿ ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಸ್ವಲ್ಪ ಸ್ವಲ್ಪ ತಿರುವಿದಾಗ ಟಪ್ಪೆಂದು ಬಿಟ್ಟುಕೊಂಡಿತು. ಕೆಲವು ಕಾರುಗಳಲ್ಲಿ ಬೇರಿಂಗ್ ಡ್ರಮ್ಮಿನೊಳಗೇ ಇರುತ್ತದೆ, ನಡುವಿನ ದೊಡ್ಡ ನಟ್ ಬಿಚ್ಚಬೇಕಾಗುತ್ತದೆ. ನಟ್ಟನ್ನು ಅಳತೆಗೆ ತಕ್ಕಂತೆ ಬಿಗಿಯುವ ಟಾರ್ಕ್ ರೆಂಚ್ ಇಲ್ಲದವರು ಅಂಥದ್ದಕ್ಕೆ ಕೈ ಹಾಕದಿರುವುದು ಒಳ್ಳೆಯದು. ಡ್ರಮ್ ಹೊರಗಿರುವಾಗ ಯಾರೂ ಬ್ರೇಕ್ ಪೆಡಲ್ ತುಳಿಯಬಾರದು, ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಬಂದು ಬ್ರೇಕ್ ಎಣ್ಣೆಯೆಲ್ಲ ಚೆಲ್ಲುತ್ತದೆ. ಮಕ್ಕಳಿರುವ ಮನೆಯಲ್ಲಿ ಕಾರಿಗೆ ಬೀಗ ಹಾಕಿಯೇ ಕೂರಿ.

ಒಳಗೆ ಕಂಡದ್ದು ಕಪ್ಪು ಧೂಳು ಮತ್ತು ಕೆಂಪು ಮಣ್ಣು ಬೆರೆತ ಗಟ್ಟಿ ಪದರ. ಅದನ್ನು ಬಾಯಿಂದ ಊದಬಾರದು, ಗಾಳಿ ಪಂಪಿನಿಂದಲೂ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಮುಖಕ್ಕೆ ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್ ಸಿಂಪಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಲೈನಿಂಗ್ 3 ಮಿ.ಮೀ. ಹತ್ತಿರ ಉಳಿದಿತ್ತು. ಸಾಮಾನ್ಯವಾಗಿ 1 ಮಿ.ಮೀ.ಗೆ ಇಳಿದಾಗ ಬದಲಿಸುತ್ತಾರೆ. ನಿಮ್ಮ ಕಾರಿನ ಕೈಪಿಡಿಯಲ್ಲಿರುವ ಅಂಕಿಯೇ ಅಂತಿಮ. ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಎತ್ತಿ ನೋಡಿದೆ, ಒಣಗಿತ್ತು. ಒದ್ದೆಯಿದ್ದಿದ್ದರೆ ಸಿಲಿಂಡರ್ ಸೋರುತ್ತಿದೆ ಎಂದರ್ಥ, ಎಣ್ಣೆ ಕುಡಿದ ಶೂ ಮತ್ತೆ ಉಪಯೋಗಕ್ಕೆ ಬಾರದು.

ಹಾಗಾದರೆ ಸದ್ದು? ಉತ್ತರ ಶೂಗಳ ಹಿಂದಿನ ತಗಡಿನಲ್ಲಿತ್ತು. ಆ ಬ್ಯಾಕ್ ಪ್ಲೇಟಿನ ಮೇಲೆ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಶೂಗಳ ಅಂಚು ಅವುಗಳ ಮೇಲೆ ಜಾರುತ್ತ ಅಗಲಿ ಮತ್ತೆ ಒಳಸೇರಬೇಕು. ಕಂಪನಿಯವರು ಹಚ್ಚಿದ್ದ ಗ್ರೀಸ್ ಮಳೆನೀರಿಗೆ ತೊಳೆದುಹೋಗಿ, ಉಬ್ಬುಗಳಿಗೆ ತುಕ್ಕು ಹಿಡಿದು, ನಡುನಡುವೆ ಉಜ್ಜಿದ ಜಾಗ ಹೊಳೆಯುತ್ತಿತ್ತು. ಮೆಲ್ಲಗೆ ಒತ್ತಿದಾಗ ಶೂ ಅಲ್ಲಿ ಕಚ್ಚಿ ಬಿಟ್ಟು, ಕಚ್ಚಿ ಬಿಟ್ಟು ನಡುಗುತ್ತದೆ; ಡ್ರಮ್ ಆ ನಡುಕಕ್ಕೆ ಗಂಟೆಯಂತೆ ದನಿಗೊಡುತ್ತದೆ. ಗಟ್ಟಿಯಾಗಿ ಒತ್ತಿದರೆ ಶೂ ಅಲುಗದಂತೆ ಕೂರುವುದರಿಂದ ಸದ್ದಿಲ್ಲ. ಸಾಲದ್ದಕ್ಕೆ ಲೈನಿಂಗಿನ ಮೇಲ್ಮೈಯೂ ಕಾದು ಗಾಜಿನಂತೆ ನುಣುಪಾಗಿತ್ತು. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಹೋದರೆ ಹೀಗಾಗುತ್ತದೆ. ಎರಡನೆಯ ಗೇರಿನಲ್ಲಿ ಎಂಜಿನ್ನೇ ಕಾರನ್ನು ತಡೆಯಲಿ ಎಂದು ಮನೆಯಲ್ಲಿ ಎಲ್ಲರಿಗೂ ಹೇಳುತ್ತೇನೆ, ಎಲ್ಲರೂ ತಲೆಯಾಡಿಸುತ್ತಾರೆ.

ಸ್ಪ್ರಿಂಗ್ ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಬಲಗಡೆಯ ಡ್ರಮ್ಮನ್ನು ಆಗ ಮುಟ್ಟಲಿಲ್ಲ; ಯಾವ ಸ್ಪ್ರಿಂಗ್ ಯಾವ ಕೊಕ್ಕೆಗೆ ಎಂಬ ಗೊಂದಲವಾದರೆ ನೋಡಿಕೊಳ್ಳಲು ಒಂದು ಬದಿ ಇಡಿಯಾಗಿರಬೇಕು. ಉಬ್ಬುಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ಕಬ್ಬಿಣ ಕಾಣುವಂತೆ ಮಾಡಿದೆ. ಲೈನಿಂಗ್ ಮತ್ತು ಡ್ರಮ್ಮಿನ ಒಳಮೈಯನ್ನು 80ರ ಮರಳು ಕಾಗದದಲ್ಲಿ ಹೊಳಪು ಹೋಗುವಷ್ಟೇ ಉಜ್ಜಿದೆ. ಬಳಿಕ ಪ್ರತಿ ಉಬ್ಬಿಗೂ ಬಿಸಿ ತಾಳುವ ಬ್ರೇಕ್ ಗ್ರೀಸನ್ನು ತೆಳುವಾಗಿ ಸವರಿದೆ. ಕಳೆ ಕೊಚ್ಚುವ ಯಂತ್ರಕ್ಕೆ ತಂದ ಗ್ರೀಸ್ ಡಬ್ಬ ತೋಟದ ಮನೆಗಳಲ್ಲಿ ಇದ್ದೇ ಇರುತ್ತದೆ. ಅದು ಇಲ್ಲಿಗೆ ಬೇಡ, ಬಿಸಿಗೆ ಕರಗಿ ಲೈನಿಂಗಿಗೆ ಹರಿದರೆ ಬ್ರೇಕೇ ಹಿಡಿಯುವುದಿಲ್ಲ.

ಎಡಗಡೆ ಮುಗಿದ ಮೇಲೆ ಬಲಗಡೆಗೂ ಅದೇ ಉಪಚಾರ. ಜೋಡಿಸಿದ ಬಳಿಕ ಚಕ್ರ ಕೈಯಲ್ಲಿ ಸರಾಗ ತಿರುಗುತ್ತದೆಯೇ ನೋಡಿ, ಪೆಡಲನ್ನು ಗಟ್ಟಿಯಾಗುವವರೆಗೆ ತುಳಿದು, ಹ್ಯಾಂಡ್‌ಬ್ರೇಕ್ ಎಷ್ಟು ಹಲ್ಲಿಗೆ ಹಿಡಿಯುತ್ತದೆ ಎಂದು ಪರೀಕ್ಷಿಸಿದೆ. ಮೊದಲ ಸುತ್ತು ಕಣದಲ್ಲೇ, ಆಮೇಲೆ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಒತ್ತುತ್ತ. ಕಿರುಗುಟ್ಟುವಿಕೆ ಹೋಗಿತ್ತು. ಒಟ್ಟು ಖರ್ಚು ಒಂದು ಡಬ್ಬ ಕ್ಲೀನರ್, ಒಂದು ಸಣ್ಣ ಟ್ಯೂಬ್ ಗ್ರೀಸ್ ಮತ್ತು ಮರಳು ಕಾಗದದ್ದು.

ಈಗ ಮಳೆಗಾಲದಲ್ಲಿ ಮನೆಯಲ್ಲಿ ಕಾರು ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಒದ್ದೆ ಶೂಗಳನ್ನು ರಾತ್ರಿಯಿಡೀ ಡ್ರಮ್ಮಿಗೆ ಒತ್ತಿ ಹಿಡಿದರೆ ಬೆಳಿಗ್ಗೆ ಅಂಟಿಕೊಂಡಿರುತ್ತವೆ. ಸಮತಟ್ಟು ನೆಲದಲ್ಲಿ ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡುತ್ತೇನೆ, ಇಳಿಜಾರಿನಲ್ಲಿ ಮಾತ್ರ ಹ್ಯಾಂಡ್‌ಬ್ರೇಕ್ ಬೇಕೇ ಬೇಕು. ಹೊರಡುವಾಗ ಕಲ್ಲು ತೆಗೆಯುವ ಕೆಲಸ ಮಗನದ್ದು.