ಬ್ಲೇಡಿನ ಹಿಂದೆ ಸುತ್ತಿಕೊಂಡ ದಾರ

ಹೋದ ಮುಂಗಾರಿನಲ್ಲಿ ನಮ್ಮ ಮಣ್ಣು ಉಳುವ ಯಂತ್ರ, ಟಿಲ್ಲರ್, ನಿಲ್ಲಿಸಿದ ಜಾಗದಲ್ಲಿ ಎಣ್ಣೆ ಕಲೆ ಕಂಡಿತು. ಅಂಗೈ ಅಗಲ, ಅಷ್ಟೇ. ಬ್ಲೇಡ್ ಹೇಗೂ ಸವೆದಿವೆ, ಬದಲಿಸುವಾಗ ನೋಡಿದರಾಯ್ತು ಅಂತ ಇನ್ನೂ ಎರಡು ವಾರ ಓಡಿಸಿದೆ. ಹಾಗೆ ಮಾಡಬಾರದಿತ್ತು.

ನಮ್ಮದು ತಿಪಟೂರಿನ ಹತ್ತಿರ ತೆಂಗಿನ ತೋಟ. ಕೆಂಪು ಮಣ್ಣು, ಗರಸು ಜಾಸ್ತಿ. ಈ ಮಣ್ಣಿನಲ್ಲಿ 7 ಎಚ್‌ಪಿ ಟಿಲ್ಲರಿನ ಬ್ಲೇಡ್ ಬೇಗ ತೆಳ್ಳಗಾಗುತ್ತೆ. ನೋಡೋಕೆ ಚೂಪಾಗಿಯೇ ಇರುತ್ತೆ, ಆದರೆ ಅಗಲ ಹೋಗಿರುವುದರಿಂದ ಮಣ್ಣು ಮಗುಚುವುದಿಲ್ಲ. ಹೊಸದರ ಪಕ್ಕ ಇಟ್ಟಾಗಲೇ ಎಷ್ಟು ಸವೆದಿದೆ ಅಂತ ಗೊತ್ತಾಗುವುದು. ಅದಕ್ಕೇ ಒಂದು ಹೊಸ ಬ್ಲೇಡನ್ನು ಅಳತೆಗೆ ಅಂತಲೇ ಗೋಡೆಗೆ ನೇತುಹಾಕಿದ್ದೇನೆ.

ಬಿಚ್ಚುವ ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತೆ. ಪೆಟ್ರೋಲ್ ಕಾಕ್ ಮುಚ್ಚಿ, ಏರ್ ಫಿಲ್ಟರ್ ಮೇಲೆ ಬರುವ ಹಾಗೆ ವಾಲಿಸಿದೆ. ಇಲ್ಲದಿದ್ದರೆ ಎಂಜಿನ್ನಿನ ಆಯಿಲ್ ಏರ್ ಫಿಲ್ಟರಿಗೆ ನುಗ್ಗುತ್ತೆ. ಪಿನ್ ತೆಗೆದರೂ ಬ್ಲೇಡಿನ ಸೆಟ್ ತುಕ್ಕು ಹಿಡಿದು ಅಲ್ಲಾಡಲಿಲ್ಲ. ಸುತ್ತಿಗೆ ಎತ್ತಲಿಲ್ಲ. ಡೀಸೆಲ್ ಬಿಟ್ಟು ರಾತ್ರಿಯೆಲ್ಲ ನೆನೆಸಿದೆ, ಬೆಳಗ್ಗೆ ತಿರುಚಿ ಎಳೆದಾಗ ಬಂತು.

ಅದರ ಹಿಂದೆ ನೈಲಾನ್ ದಾರ, ಗರಿಯ ನಾರು, ಹರಿದ ಡ್ರಿಪ್ ಪೈಪು ಎಲ್ಲ ಸೇರಿ ಗೇರ್‌ಬಾಕ್ಸಿನ ಬಾಯಿಗೆ ಬಿಗಿಯಾಗಿ ಸುತ್ತಿಕೊಂಡಿದ್ದವು. ಆ ದಾರವೇ ಆಯಿಲ್ ಸೀಲಿನ ರಬ್ಬರನ್ನು ಕೊಯ್ದಿತ್ತು. ಬ್ಲೇಡ್ ತಿರುಗಿಸುವ ದಂಡದ, ಅಂದರೆ ಶಾಫ್ಟಿನ, ಸುತ್ತ ಎಣ್ಣೆ ಸೋರದ ಹಾಗೆ ಕೂರಿಸುವ ಬಳೆಯೇ ಈ ಸೀಲು. ಎಣ್ಣೆ ಹೊರಗೆ ಬಂದ ದಾರಿಯಲ್ಲೇ ನೀರು ಒಳಗೆ ಹೋಗಿತ್ತು. ಗೇರ್ ಆಯಿಲ್ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿತ್ತು. ಪುಣ್ಯಕ್ಕೆ ಬೇರಿಂಗ್ ಇನ್ನೂ ಸದ್ದಿಲ್ಲದೆ ತಿರುಗುತ್ತಿತ್ತು.

ಸೀಲಿನ ಮೇಲೆ ಮೂರು ಅಂಕಿ ಇರುತ್ತವೆ: ಒಳಗಿನ ವ್ಯಾಸ, ಹೊರಗಿನ ವ್ಯಾಸ, ದಪ್ಪ, ಎಲ್ಲ ಮಿಲಿಮೀಟರಿನಲ್ಲಿ. ಹಳೇದನ್ನೇ ಒಯ್ದು ತೋರಿಸಿದೆ, ಬೇರಿಂಗ್ ಅಂಗಡಿಯಲ್ಲೇ ಸಿಕ್ಕಿತು. ಕೂರಿಸುವಾಗ ಸ್ಪ್ರಿಂಗ್ ಇರುವ ಮಗ್ಗುಲು ಎಣ್ಣೆಯ ಕಡೆಗೆ ಇರಬೇಕು. ಸೀಲಿನ ತುಟಿಗೆ, ಅಂದರೆ ಶಾಫ್ಟಿಗೆ ತಾಗುವ ಒಳ ಅಂಚಿಗೆ, ಗ್ರೀಸ್ ಸವರಿ, ಅದೇ ಅಳತೆಯ ಪೈಪಿನ ತುಂಡು ಇಟ್ಟು ಸುತ್ತಲೂ ಸಮನಾಗಿ ತಟ್ಟಿದೆ. ಇನ್ನೊಂದು ವಿಷಯ. ಹಳೇ ಸೀಲು ಉಜ್ಜಿ ಉಜ್ಜಿ ಶಾಫ್ಟಿನ ಮೇಲೆ ಗೆರೆ ಬಿದ್ದಿತ್ತು, ಉಗುರಿಗೆ ಸಿಗುವಷ್ಟು. ಹೊಸ ಸೀಲೂ ಅದೇ ಗೆರೆಯ ಮೇಲೆ ಕೂತರೆ ಮತ್ತೆ ಸೋರುತ್ತೆ, ಅಲ್ವಾ? ಹಾಗಾಗಿ ಒಂದೆರಡು ಮಿಲಿಮೀಟರ್ ಹೊರಗೇ ನಿಲ್ಲಿಸಿದೆ. ಆಮೇಲೆ ಗೇರ್‌ಬಾಕ್ಸನ್ನು ಡೀಸೆಲ್‌ನಲ್ಲಿ ತೊಳೆದು, ಪೂರ್ತಿ ಬಸಿದು, ಹೊಸ 90 ನಂಬರ್ ಗೇರ್ ಆಯಿಲ್ ತುಂಬಿದೆ.

ಬ್ಲೇಡಿನಲ್ಲಿ ಎಡ, ಬಲ ಅಂತ ಇದೆ. ತಿರುಗುವಾಗ ಚೂಪು ಅಂಚೇ ಮೊದಲು ಮಣ್ಣಿಗೆ ಇಳಿಯಬೇಕು. ಒಂದೊಂದೇ ಬಿಚ್ಚಿ ಒಂದೊಂದೇ ಹಾಕಿದರೆ ಅದಲುಬದಲು ಆಗುವುದಿಲ್ಲ. ಬೋಲ್ಟು ನಟ್ಟು ಕೂಡ ಹೊಸದೇ ಹಾಕಿದೆ. ಒಂದು ಗಂಟೆ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿದೆ, ಮೂರು ಬೋಲ್ಟು ಸಡಿಲವಾಗಿದ್ದವು.

ಈಗ ಕೆಲಸ ಮುಗಿದ ಸಂಜೆ ಪ್ಲಗ್ ವೈರ್ ಕಿತ್ತು, ಬ್ಲೇಡಿನ ಹಿಂದೆ ಸುತ್ತಿಕೊಂಡದ್ದನ್ನೆಲ್ಲ ಹಳೇ ಕುಡುಗೋಲಿನಲ್ಲಿ ಕೊಯ್ದು ತೆಗೆಯುತ್ತೇನೆ. ಟಿಲ್ಲರ್ ನಿಲ್ಲಿಸುವ ಕಡೆ ಒಂದು ರಟ್ಟು ಹಾಸಿದ್ದೇನೆ. ಈ ಮಳೆಗಾಲ ಪೂರ್ತಿ ಅದರ ಮೇಲೆ ಒಂದು ಹನಿ ಎಣ್ಣೆ ಬಿದ್ದಿಲ್ಲ.