ಅಂಕಕ್ಕೂ ಮೊದಲು ಒಂದು ಪ್ರಶ್ನೆ

ಗೂಗಲ್ ಕ್ಲಾಸ್‌ರೂಮಿನಲ್ಲಿ ಮಕ್ಕಳು ಆನ್‌ಲೈನಿನಲ್ಲಿ ಒಪ್ಪಿಸಿದ ಪ್ರಬಂಧ ತಿದ್ದುವಾಗ ಮೊದಲ ಸಲ ನಾನು ಅಂಕ ಕೊಡುವುದಿಲ್ಲ. ಓದಿ, ಒಂದು ಪ್ರಶ್ನೆ ಬರೆದು, ಅಂಕದ ಜಾಗ ಖಾಲಿ ಬಿಟ್ಟು ರಿಟರ್ನ್ ಮಾಡುತ್ತೇನೆ. ಅವರು ತಿದ್ದಿ ಮತ್ತೆ ಸಬ್ಮಿಟ್ ಮಾಡಿದ ಮೇಲೆಯೇ ಅಂಕ. ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. ಈ ಕ್ರಮ ಹಿಡಿದ ಮೇಲೆ ಮಕ್ಕಳು ನಾನು ಬರೆದದ್ದನ್ನು ಕೂತು ಓದತೊಡಗಿದರು.

ಹತ್ತಕ್ಕೆ ಏಳು ಎಂದು ಕಂಡ ತಕ್ಷಣ ಮಕ್ಕಳಿಗೆ ಆ ಪ್ರಬಂಧದ ಕೆಲಸ ಮುಗಿದಂತೆ. ಪಕ್ಕದವನಿಗೆ ಎಷ್ಟು ಬಂತು ಎಂಬುದೊಂದೇ ಉಳಿಯುವ ಕುತೂಹಲ. 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರೂತ್ ಬಟ್ಲರ್ ಎಂಬ ಸಂಶೋಧಕಿ ಇಸ್ರೇಲಿನ ಶಾಲಾಮಕ್ಕಳಲ್ಲಿ ಇದನ್ನೇ ಪರೀಕ್ಷಿಸಿದ್ದರು. ಬರೀ ಟಿಪ್ಪಣಿ ಸಿಕ್ಕ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಟಿಪ್ಪಣಿಯ ಜೊತೆಗೆ ಅಂಕವೂ ಸಿಕ್ಕವರಿಗೆ ಆ ಪ್ರಯೋಜನ ಆಗಲಿಲ್ಲ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕ ದಾಖಲಿಸುವುದು ನಮಗೆ ತಪ್ಪಿದ್ದಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಿಜ, ನಾನೂ ದಾಖಲಿಸುತ್ತೇನೆ. ಅಸೈನ್‌ಮೆಂಟನ್ನು ಒಂದು ವಾರ ಮುಂಚೆ ಕೊಟ್ಟರೆ ಗಡುವಿನೊಳಗೆ ಎರಡು ಸುತ್ತು ಆಗುತ್ತದೆ.

ಒಂದು ಉದಾಹರಣೆ. ‘ಬೆಂಗಳೂರಿನ ಕೆರೆಗಳು’ ಎಂಬ ಪ್ರಬಂಧದಲ್ಲಿ ಒಬ್ಬ ಹುಡುಗಿ ಹೀಗೆ ಬರೆದಿದ್ದಳು: ‘ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಇದು ತುಂಬಾ ದುಃಖದ ಸಂಗತಿ.’ ಸಂಪಂಗಿ ಕೆರೆ ಹೋಗಿ ಕಂಠೀರವ ಕ್ರೀಡಾಂಗಣ ಬಂದದ್ದನ್ನೂ ಸೇರಿಸಿದ್ದಳು. ಮಾಹಿತಿಯೆಲ್ಲ ಸರಿ, ಕಾಗುಣಿತವೂ ಸರಿ. ಆದರೆ ಬರೆದವಳು ಅದರಲ್ಲಿ ಎಲ್ಲೂ ಇರಲಿಲ್ಲ. ‘ಚೆನ್ನಾಗಿದೆ, ಇನ್ನೂ ವಿವರ ಬೇಕು’ ಎಂದು ಬರೆದಿದ್ದರೆ ಇಂಟರ್ನೆಟ್ಟಿನಿಂದ ಇನ್ನೊಂದು ಪ್ಯಾರಾ ತಂದು ಹಾಕುತ್ತಿದ್ದಳು. ಪ್ರೈವೇಟ್ ಕಾಮೆಂಟಿನಲ್ಲಿ ನಾನು ಬರೆದದ್ದು ಇಷ್ಟೇ: ‘ಮೆಜೆಸ್ಟಿಕ್‌ನಲ್ಲಿ ನೀನು ಬಸ್ಸಿನಿಂದ ಇಳಿದಿದ್ದೀಯಲ್ಲ, ಅಲ್ಲಿ ಕೆರೆಯ ಗುರುತು ಏನಾದರೂ ಉಳಿದಿದೆಯಾ? ಮನೆಯಲ್ಲಿ ಯಾರನ್ನಾದರೂ ಕೇಳಿ ನೋಡು.’

‘ಮಿಸ್, ತಾತನನ್ನು ಕೇಳ್ತೀನಿ’ ಎಂದು ಅವತ್ತೇ ಉತ್ತರ ಬಂತು. ಮತ್ತೆ ಸಬ್ಮಿಟ್ ಆದ ಪ್ರಬಂಧದಲ್ಲಿ ದುಃಖದ ಸಾಲು ಮಾಯವಾಗಿತ್ತು. ಅದರ ಜಾಗದಲ್ಲಿ ತಾತನ ಜೊತೆ ಟ್ಯಾಂಕ್ ಬಂಡ್ ರಸ್ತೆಯಲ್ಲಿ ನಡೆದದ್ದು, ‘ನಾವೀಗ ಕೆರೆ ಏರಿ ಮೇಲೆ ನಡೀತಿದ್ದೀವಿ ಪುಟ್ಟಿ’ ಎಂದು ಅವರು ಹೇಳಿದ್ದು, ಕೆಳಗೆ ನೀರು ಎಲ್ಲಿಯವರೆಗೆ ಇದ್ದಿರಬಹುದು ಎಂದು ಇವಳು ಬಸ್ಸುಗಳ ಸಾಲನ್ನು ನೋಡುತ್ತ ಲೆಕ್ಕ ಹಾಕಿದ್ದು, ಎಲ್ಲ ಬಂದಿತ್ತು. ನನ್ನ ಮಟ್ಟಿಗೆ ಮಕ್ಕಳ ಬರವಣಿಗೆ ಶುರುವಾಗುವುದೇ ಇಲ್ಲಿಂದ.

ಒಂದು ಸೆಕ್ಷನ್ನಿನಲ್ಲಿ ನಲವತ್ತಕ್ಕೂ ಹೆಚ್ಚು ಮಕ್ಕಳಿರುವಾಗ ಪ್ರತಿಯೊಬ್ಬರಿಗೂ ಹೊಸ ಪ್ರಶ್ನೆ ಬರೆಯಲು ಸಮಯ ಎಲ್ಲಿ ಎಂದು ಕೇಳುವವರಿದ್ದಾರೆ. ಕಾಗುಣಿತದ ತಿದ್ದುಪಡಿಗೆ ಹೋಗುವ ಸಮಯವನ್ನು ನಾನು ಕ್ಲಾಸ್‌ರೂಮಿನ ಕಾಮೆಂಟ್ ಬ್ಯಾಂಕಿನಿಂದ, ಅಂದರೆ ಮೊದಲೇ ಬರೆದಿಟ್ಟ ಟಿಪ್ಪಣಿಗಳ ಸಂಗ್ರಹದಿಂದ, ಉಳಿಸಿಕೊಳ್ಳುತ್ತೇನೆ. ಅಲ್ಪಪ್ರಾಣ-ಮಹಾಪ್ರಾಣ, ಒತ್ತಕ್ಷರ, ‘ಅ’ಕಾರ-‘ಹ’ಕಾರದ ಅದಲುಬದಲು, ಇಂಥ ತಪ್ಪುಗಳು ಎಲ್ಲರಲ್ಲೂ ಒಂದೇ ಥರ. ಅವುಗಳ ಟಿಪ್ಪಣಿಯನ್ನು ಒಮ್ಮೆ ಬರೆದು ಉಳಿಸಿದ್ದೇನೆ. ಡಾಕ್ಯುಮೆಂಟಿನಲ್ಲಿ ಕಾಮೆಂಟ್ ಹಾಕುವಾಗ # ಒತ್ತಿ ಒಂದು ಪದ ಟೈಪ್ ಮಾಡಿದರೆ ಬೇಕಾದ್ದು ಎದುರಿಗೆ ಬರುತ್ತದೆ. ಆದರೆ ವಿಷಯದ ಬಗೆಗಿನ ಪ್ರಶ್ನೆಯನ್ನು ಮಾತ್ರ ಬ್ಯಾಂಕಿನಿಂದ ತೆಗೆಯುವುದಿಲ್ಲ. ಎಲ್ಲರಿಗೂ ಒಂದೇ ಸಾಲು ಬಂದಿದೆಯೆಂದು ಮಕ್ಕಳು ಊಟದ ಬೆಲ್ ಹೊಡೆಯುವುದರೊಳಗೆ ಕಂಡುಹಿಡಿಯುತ್ತಾರೆ.

ಫೈಲಿನ ತಾಪತ್ರಯ ಬೇರೆ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ತಂದ ಫೈಲು ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಎಲ್ಲ ಕಂಪ್ಯೂಟರ್, ಫೋನುಗಳಲ್ಲೂ ಓದಲು ಬರುವ ಯೂನಿಕೋಡಿನಲ್ಲೇ ಬೇಕು ಎಂದು ಅಸೈನ್‌ಮೆಂಟಿನ ಸೂಚನೆಯಲ್ಲೇ ಬರೆಯುತ್ತೇನೆ. ಟೈಪಿಂಗ್ ಬಾರದವರಿಗೆ ಫೋನಿಗೆ ಬಾಯಲ್ಲೇ ಹೇಳಿ ಬರೆಸುವುದನ್ನು ತೋರಿಸಿಕೊಟ್ಟಿದ್ದೇನೆ. ನೋಟ್‌ಬುಕ್ಕಿನ ಫೋಟೋ ಹಾಕಿದರೂ ಬೇಡ ಎನ್ನುವುದಿಲ್ಲ. ಕ್ಲಾಸ್‌ರೂಮ್ ಆ್ಯಪಿನಲ್ಲಿ ಫೋಟೋದ ಮೇಲೇ ಪೆನ್ನಿನಿಂದ ಗುರುತು ಹಾಕಬಹುದು.

ನಮ್ಮಲ್ಲಿ ಎಷ್ಟೋ ಮಕ್ಕಳು ಅಪ್ಪ ಅಮ್ಮನ ಫೋನಿನಲ್ಲೇ ಲಾಗಿನ್ ಆಗುವವರು. ಹಾಗಾಗಿ ಪ್ರೈವೇಟ್ ಕಾಮೆಂಟನ್ನು ಮನೆಮಂದಿಯೂ ಓದುತ್ತಾರೆ ಎಂದುಕೊಂಡೇ ಬರೆಯಬೇಕು. ನಕಲು ಮಾಡಿದ್ದಾರೆಂದು ಅನುಮಾನ ಬಂದರೆ ಅಲ್ಲಿ ಬರೆಯದೆ ಸ್ಟಾಫ್ ರೂಮಿಗೆ ಕರೆದು ಮಾತಾಡುತ್ತೇನೆ. ಮನೆಯಲ್ಲಿ ತೆಲುಗು, ತಮಿಳು, ಉರ್ದು ಮಾತಾಡುವ ಮಕ್ಕಳೂ ತರಗತಿಯಲ್ಲಿದ್ದಾರೆ. ಅವರಿಗೆ ಮೂರು ಸಾಲು ಮೀರಿದ ಕನ್ನಡ ಟಿಪ್ಪಣಿ ಭಾರವಾಗುತ್ತದೆ. ಒಂದು ಸಾಲಿನಲ್ಲಿ ಏನು ಚೆನ್ನಾಗಿದೆ ಎಂದು ಅವರದೇ ವಾಕ್ಯ ಎತ್ತಿ ಹೇಳಿ, ಇನ್ನೊಂದು ಸಾಲಿನಲ್ಲಿ ಪ್ರಶ್ನೆ ಕೇಳಿ ನಿಲ್ಲಿಸುತ್ತೇನೆ.

ಎರಡನೇ ಸುತ್ತು ಬೇಗ ಮುಗಿಯುತ್ತದೆ. ಗೂಗಲ್ ಡಾಕ್ಸ್‌ನ ವರ್ಷನ್ ಹಿಸ್ಟರಿ ತೆರೆದರೆ ಏನು ಅಳಿಸಿದ್ದಾರೆ, ಏನು ಸೇರಿಸಿದ್ದಾರೆ ಎಂಬುದು ಬಣ್ಣದಲ್ಲಿ ಕಾಣುತ್ತದೆ. ಬದಲಾದ ಭಾಗವನ್ನಷ್ಟೇ ಗಮನವಿಟ್ಟು ಓದಿ, ರೂಬ್ರಿಕ್ಕಿನಲ್ಲಿ (ಯಾವುದಕ್ಕೆ ಎಷ್ಟು ಅಂಕ ಎಂಬ ಪಟ್ಟಿಯಲ್ಲಿ) ‘ಪರಿಷ್ಕರಣೆ’ ಎಂದೇ ಒಂದು ಸಾಲು ಇಟ್ಟು ಅದಕ್ಕೆ ಪ್ರತ್ಯೇಕ ಅಂಕ ಕೊಡುತ್ತೇನೆ. ಮೊದಲ ಸುತ್ತಿನಲ್ಲಿ ತೀರಾ ಸೊರಗಿದ್ದ ಪ್ರಬಂಧಗಳು ಆ ಸಾಲಿನಲ್ಲಿ ಪೂರ್ಣ ಅಂಕ ಪಡೆದದ್ದುಂಟು.